ಗಾಲಿಯ ಮೇಲಿನ ಮನೆ, ನಿಲ್ಲಲು ಬೇಕಾದ ನೆಲ

(ಪರಿಸರ ಅಧ್ಯಯನ ಶಿಬಿರದ ಎರಡನೆಯ ದಿನ ಬೆಳಿಗ್ಗೆ ಮಾಡಿದ ಭಾಷಣದ ಬರಹರೂಪ)



ನಿನ್ನೆ ರಾತ್ರಿ ಇದೇ ಅಂಗಳದಲ್ಲಿ ಪರದೆ ಕಟ್ಟಿ ‘ನೊಮ್ಯಾಡ್‌ಲ್ಯಾಂಡ್’ ಚಿತ್ರವನ್ನು ತೋರಿಸಲಾಯಿತು. ಅದು ಮುಗಿದ ಮೇಲೆ ಎರಡು ಬಗೆಯ ಪ್ರಶ್ನೆಗಳು ಬಂದವು. ವಿದ್ಯಾರ್ಥಿಗಳಲ್ಲಿ ಕೆಲವರು, ಎಷ್ಟು ಹಗುರವಾದ ಬದುಕು, ನಾವೂ ಹೀಗೆ ಒಂದು ವ್ಯಾನಿನಲ್ಲಿ ಇದ್ದುಬಿಡಬಹುದಲ್ಲವೆ ಎಂದು ಕೇಳಿದಿರಿ. ಹಿಂದಿನ ಸಾಲಿನಲ್ಲಿದ್ದ ಹಿರಿಯ ತಾಯಿಯೊಬ್ಬರು, ಆ ಹೆಂಗಸಿಗೆ ಹೇಳುವವರು ಕೇಳುವವರು ಯಾರೂ ಇರಲಿಲ್ಲವೆ ಎಂದು ಕೇಳಿದರು. ಎರಡೂ ಪ್ರಶ್ನೆಗಳು ಸರಿಯಾದವೇ. ನನಗೆ ವಹಿಸಿದ್ದ ವಿಷಯ ‘ಸರಳ ಜೀವನ’ ಎಂಬುದಾಗಿತ್ತು. ಅದರ ಬದಲು ಈ ವ್ಯಾನಿನ ವಿಷಯವನ್ನೇ ಮಾತನಾಡುತ್ತೇನೆ. ಸರಳ ಜೀವನದ ಬಗ್ಗೆ ಉಪದೇಶ ಕೇಳಿ ನೀವು ಈಗಾಗಲೇ ಸಾಕಷ್ಟು ದಣಿದಿದ್ದೀರಿ.

ಚಿತ್ರದ ನಾಯಕಿ ಕಾಲ್ಪನಿಕ ವ್ಯಕ್ತಿ. ಆದರೆ ಆಕೆ ಬಿಟ್ಟು ಹೊರಟ ಊರು ನಿಜವಾದದ್ದು. ಅಮೆರಿಕದ ನೆವಾಡಾ ರಾಜ್ಯದ ಮರುಭೂಮಿಯಲ್ಲಿರುವ ಎಂಪೈರ್ ಎಂಬುದು ಜಿಪ್ಸಂ ಕಾರ್ಖಾನೆಯೊಂದಕ್ಕಾಗಿ ಹುಟ್ಟಿದ ಊರು. ಮನೆಗಳ ಒಳಗೋಡೆಗೆ ಬಳಸುವ ಜಿಪ್ಸಂ ಹಲಗೆಗಳನ್ನು ಅಲ್ಲಿ ತಯಾರಿಸುತ್ತಿದ್ದರು. 2008ರ ಆರ್ಥಿಕ ಕುಸಿತದ ನಂತರ ದೇಶದಲ್ಲಿ ಹೊಸ ಮನೆ ಕಟ್ಟುವವರೇ ಕಡಿಮೆಯಾದರು, ಹಲಗೆಗೆ ಬೇಡಿಕೆ ಇಳಿಯಿತು, 2011ರ ಜನವರಿ 31ರಂದು ಕಾರ್ಖಾನೆ ಮುಚ್ಚಿತು. ಕೆಲಸಗಾರರಿದ್ದ ಮನೆಗಳು ಕಂಪನಿಯವು. ಕೆಲಸ ಹೋದಂತೆ ಮನೆಯೂ ಹೋಯಿತು. ಆ ಊರಿನ ಅಂಚೆ ಸಂಖ್ಯೆಯನ್ನೂ ಕೈಬಿಡಲಾಯಿತು. ಅನ್ಯರ ಮನೆಗೆ ಗೋಡೆ ತಯಾರಿಸುತ್ತಿದ್ದವರು ತಾವೇ ಗೋಡೆಯಿಲ್ಲದವರಾದರು.

ಪತ್ರಕರ್ತೆ ಜೆಸ್ಸಿಕಾ ಬ್ರೂಡರ್ ಇಂಥ ಜನರ ನಡುವೆ ಓಡಾಡಿ, ಕೆಲಕಾಲ ತಾನೂ ವ್ಯಾನಿನಲ್ಲಿ ವಾಸಿಸಿ, 2017ರಲ್ಲಿ ಪ್ರಕಟಿಸಿದ ಪುಸ್ತಕವೇ ಈ ಚಿತ್ರಕ್ಕೆ ಆಧಾರ. ಕ್ಲೋಯಿ ಝಾವೋ ನಿರ್ದೇಶಿಸಿದ ಚಿತ್ರ 2020ರಲ್ಲಿ ಬಂದು ಮರುವರ್ಷ ಆಸ್ಕರ್ ಪಡೆಯಿತು. ಅದರಲ್ಲಿ ಕಾಣುವ ಲಿಂಡಾ ಮೇ, ಸ್ವಾಂಕಿ, ಬಾಬ್ ವೆಲ್ಸ್ ಮೊದಲಾದವರು ನಟರಲ್ಲ, ಹಾಗೆ ಬದುಕಿದವರೇ. ಇವರಲ್ಲಿ ಬಹುಮಂದಿ ಪ್ರವಾಸದ ಹುಚ್ಚಿನಿಂದ ಮನೆ ಬಿಟ್ಟವರಲ್ಲ. ಕೆಲಸ ಹೋಗಿ, ವಿಚ್ಛೇದನವಾಗಿ, ಸಂಗಾತಿ ತೀರಿಕೊಂಡು, ಇಲ್ಲವೆ ನಿವೃತ್ತಿವೇತನ ಬಾಡಿಗೆಗೂ ಸಾಲದಾಗಿ ರಸ್ತೆಗೆ ಬಂದವರು. ಬೀಟ್‌ರೂಟ್ ಜಾತಿಯ ಸಕ್ಕರೆ ಗೆಡ್ಡೆಯ ಕೊಯ್ಲು, ಉಗ್ರಾಣಗಳಲ್ಲಿ ಹಬ್ಬದ ಕಾಲದ ದುಡಿಮೆ, ಸರ್ಕಾರಿ ಕಾಡುಗಳ ಬಿಡಾರಗಳಲ್ಲಿ ಕಸ ತೆಗೆಯುವ ಕೆಲಸ, ಹೀಗೆ ಋತುವಿಗೊಂದು ಕಡೆ ಹೋಗುತ್ತಾರೆ. ಅರುವತ್ತು, ಎಪ್ಪತ್ತು ವರ್ಷದವರು!

ಬಾಬ್ ವೆಲ್ಸ್ ಅಲಾಸ್ಕಾದ ಒಂದು ದಿನಸಿ ಅಂಗಡಿಯ ನೌಕರರಾಗಿದ್ದರು. 1995ರಲ್ಲಿ ವಿಚ್ಛೇದನವಾದಾಗ ಸಂಬಳದ ದೊಡ್ಡ ಪಾಲು ಕುಟುಂಬಕ್ಕೆ ಹೋಗತೊಡಗಿತು, ಉಳಿದದ್ದರಲ್ಲಿ ಬಾಡಿಗೆ ಕಟ್ಟಲಾಗಲಿಲ್ಲ. 1,500 ಡಾಲರಿಗೆ ಒಂದು ಹಳೆಯ ಪೆಟ್ಟಿಗೆ ವ್ಯಾನು ಕೊಂಡು ಅದರಲ್ಲಿ ಮಲಗತೊಡಗಿದರು. ಮೊದಲ ರಾತ್ರಿ ಅತ್ತು ಅತ್ತು ನಿದ್ರೆಹೋದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಮುಂದೆ ಅವರು ಈ ಬದುಕಿಗೆ ಹೊಸದಾಗಿ ಬರುವವರಿಗೆ ಗುರುವಾದರು. 2011ರಿಂದ ಅರಿಜೋನಾದ ಕ್ವಾರ್ಟ್ಸ್‌ಸೈಟ್ ಬಳಿಯ ಮರುಭೂಮಿಯಲ್ಲಿ ಚಳಿಗಾಲದಲ್ಲಿ ಇಂಥವರ ಸಮಾವೇಶವನ್ನು ಆರಂಭಿಸಿದರು. ಹೊಸಬರು ಅಲ್ಲಿಗೆ ಬರುವುದು ಸಿದ್ಧತೆಯನ್ನು ಕಲಿಯಲು. ಆ ಸಿದ್ಧತೆಯಲ್ಲಿ ನಮಗೆ ಆಸಕ್ತಿ ಹುಟ್ಟಬೇಕಾದ ಸಂಗತಿಗಳಿವೆ.

ಮೊದಲ ಕೆಲಸ ಬಿಡುವುದು. ಮೂರು ಕೋಣೆಯ ಮನೆಯ ಸಾಮಾನು ಎರಡು ಮಂಚದಷ್ಟು ಜಾಗಕ್ಕೆ ಇಳಿಯಬೇಕು. ಇದು ಹಗುರವಾಗುವ ಸುಖ ಎಂದು ಬರೆಯುವವರಿದ್ದಾರೆ. ಗಂಡನನ್ನು ಕಳೆದುಕೊಂಡು ಆರು ತಿಂಗಳಾಗಿರುವ ಹೆಂಗಸಿಗೆ ಅವನ ಅಂಗಿಗಳನ್ನು ಹಂಚುವುದು ಎಂಥ ಸುಖವೊ ನನಗೆ ತಿಳಿಯದು.

ಆಮೇಲೆ ನೀರು. ಇಪ್ಪತ್ತು ಲೀಟರಿನ ಒಂದು ಕ್ಯಾನು ತುಂಬಿದಾಗ ಇಪ್ಪತ್ತು ಕಿಲೋ ತೂಗುತ್ತದೆ. ಅಂಥ ಎರಡನ್ನು ಇಡಲು ವ್ಯಾನಿನಲ್ಲಿ ಜಾಗವಿರುತ್ತದೆ. ಕುಡಿಯಲು, ಬೇಯಿಸಲು, ಪಾತ್ರೆ ಒರೆಸಿ ತೊಳೆಯಲು, ಮೈ ಒರೆಸಿಕೊಳ್ಳಲು ಒಬ್ಬರಿಗೆ ದಿನಕ್ಕೆ ಎಂಟು ಲೀಟರ್ ಎಂದು ಹಿಡಿದರೆ ಐದು ದಿನ ಬರುತ್ತದೆ. ಆರನೆಯ ದಿನ ನೀರಿರುವ ಕಡೆಗೆ ಗಾಡಿ ಹೊರಡಲೇಬೇಕು. ಅದೇ ದೇಶದಲ್ಲಿ ಮನೆಯಲ್ಲಿರುವ ಒಬ್ಬ ವ್ಯಕ್ತಿ ದಿನಕ್ಕೆ ಸರಾಸರಿ 300 ಲೀಟರಿಗೂ ಮಿಗಿಲಾಗಿ ಬಳಸುತ್ತಾನೆ. ನಮ್ಮ ಜಲಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ಗೊತ್ತುಮಾಡಿರುವುದು 55 ಲೀಟರ್. ಎಂಟು ಲೀಟರಿನಲ್ಲಿ ಬದುಕುವುದು ಆದರ್ಶವೆಂದು ನಾನು ಹೇಳುತ್ತಿಲ್ಲ, ಅದು ಕಷ್ಟವೇ ಸರಿ. ಆದರೆ ಅಬ್ಬಿ ನೀರು ಹಗಲೂ ರಾತ್ರಿ ಬಚ್ಚಲಿಗೆ ಬೀಳುತ್ತಿದ್ದ ಕಾಲದಲ್ಲಿ ಬೆಳೆದ ನಮಗೆ, ನಾವು ದಿನಕ್ಕೆ ಎಷ್ಟು ಕೊಡ ನೀರು ಖರ್ಚುಮಾಡುತ್ತೇವೆಂಬ ಲೆಕ್ಕವೇ ಗೊತ್ತಿರಲಿಲ್ಲ. ಮಾರ್ಚ್ ತಿಂಗಳಿಗೇ ಅಬ್ಬಿ ಬತ್ತುವ ಊರುಗಳಲ್ಲಿ ಈಗ ಗೊತ್ತಾಗುತ್ತಿದೆ.

ವಿದ್ಯುತ್ತಿನ ಲೆಕ್ಕ ಇನ್ನೂ ಬಿಗಿಯಾದದ್ದು. ನಮ್ಮ ಮನೆಗಳ ಇನ್ವರ್ಟರಿಗೆ ಜೋಡಿಸುವಂಥ 12 ವೋಲ್ಟಿನ, 100 ಆಂಪಿಯರ್-ಗಂಟೆಯ ಒಂದು ಬ್ಯಾಟರಿಯನ್ನು ತೆಗೆದುಕೊಳ್ಳಿ. ಅದರಲ್ಲಿರುವುದು 1,200 ವ್ಯಾಟ್-ಗಂಟೆ, ಅಂದರೆ ಕರೆಂಟ್ ಬಿಲ್ಲಿನ ಒಂದೂಕಾಲು ಯೂನಿಟಿಗೂ ಕಡಿಮೆ. ಹಳೆಯ ಬಗೆಯ ಲೆಡ್ ಆಸಿಡ್ ಬ್ಯಾಟರಿಯಾದರೆ ಅರ್ಧಕ್ಕಿಂತ ಹೆಚ್ಚು ಇಳಿಸಬಾರದು, ಇಳಿಸಿದರೆ ಬೇಗ ಸಾಯುತ್ತದೆ. ಕೈಗೆ ಸಿಗುವುದು 600. ಐದು ವ್ಯಾಟಿನ ಎರಡು ದೀಪ ನಾಲ್ಕು ಗಂಟೆ ಉರಿದರೆ 40. ಇಪ್ಪತ್ತೈದು ವ್ಯಾಟಿನ ಫ್ಯಾನು ಎಂಟು ಗಂಟೆ ತಿರುಗಿದರೆ 200. ಚಿಕ್ಕ ಫ್ರಿಜ್ ಒಂದು ಸುಮಾರು 400. ಅಲ್ಲಿಗೇ ಮುಗಿದು ಮೇಲೆ ಸಾಲವೂ ಆಯಿತು! ಮಾಡಿನ ಮೇಲೆ 100 ವ್ಯಾಟಿನ ಸೌರಫಲಕ ಇದ್ದರೆ ಮರುಭೂಮಿಯ ಬಿಸಿಲಿನಲ್ಲಿ ದಿನಕ್ಕೆ 400ರಿಂದ 500 ವ್ಯಾಟ್-ಗಂಟೆ ಬರಬಹುದು. ನಮ್ಮ ಆಷಾಢದಲ್ಲಿ ಅದನ್ನು ನಂಬಿ ಕುಳಿತವನ ಗತಿ ಹೇಳುವುದು ಬೇಡ. ಹೀಗಾಗಿ ಹೊಸಬರು ಫ್ರಿಜ್ ಬಿಟ್ಟು ಮಂಜುಗಡ್ಡೆಯ ಪೆಟ್ಟಿಗೆಗೋ, ಕೆಡದ ಕಾಳುಬೇಳೆಗಳಿಗೋ ಹೊಂದಿಕೊಳ್ಳುತ್ತಾರೆ. ಮಳೆಗಾಲಕ್ಕೆ ಮುಂಚೆ ಹಪ್ಪಳ, ಉಪ್ಪಿನಕಾಯಿ, ಒಣಗಿದ ಸೌದೆ, ತರಗೆಲೆ ಎಲ್ಲವನ್ನೂ ಲೆಕ್ಕಹಾಕಿ ಅಟ್ಟ, ಕೊಟ್ಟಿಗೆ ತುಂಬುತ್ತಿದ್ದ ನಮ್ಮ ತಾಯಂದಿರಿಗೆ ಈ ವಿದ್ಯೆ ಹೊಸದೇನಲ್ಲ. ನಾಲ್ಕು ತಿಂಗಳು ಹೊರಗಿನಿಂದ ಏನೂ ಬಾರದು ಎಂದುಕೊಂಡು ಮನೆಯನ್ನು ಅಣಿಗೊಳಿಸುವ ಬುದ್ಧಿಯೇ ಇಲ್ಲಿಯೂ ಕೆಲಸ ಮಾಡುತ್ತಿರುವುದು.

ಗಾಳಿಯ ವಿಷಯವನ್ನು ಮಾತ್ರ ತಮಾಷೆಯಾಗಿ ತೆಗೆದುಕೊಳ್ಳುವಂತಿಲ್ಲ. ಒಂದು ಕಿಲೋ ಅಡುಗೆ ಅನಿಲ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರು ಹಬೆಯಾಗಿ ಹುಟ್ಟುತ್ತದೆ. ಮಲಗಿದವರ ಉಸಿರಿನ ತೇವವೂ ಅದಕ್ಕೆ ಸೇರುತ್ತದೆ. ಮುಚ್ಚಿದ ತಗಡಿನ ಪೆಟ್ಟಿಗೆಯಲ್ಲಿ ಅದೆಲ್ಲ ಗೋಡೆಗೆ ಹನಿಗಟ್ಟಿ, ಹಾಸಿಗೆಗೆ ಬೂಸಲು ಹಿಡಿಯುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಗಾಳಿ ಸಾಲದೆ ಉರಿದ ಒಲೆಯಿಂದ ಕಾರ್ಬನ್ ಮೊನಾಕ್ಸೈಡ್ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಚಳಿ ಎಷ್ಟೇ ಇರಲಿ ಕಿಟಕಿಯ ಎರಡು ಬೆರಳು ಸಂದಿಯನ್ನು ಬಿಡಬೇಕು, ಕಾರ್ಬನ್ ಮೊನಾಕ್ಸೈಡ್ ಇರುವುದನ್ನು ಕೂಗಿ ಹೇಳುವ ಉಪಕರಣ ಇರಬೇಕು, ಒಲೆ ಹೊತ್ತಿಸಿಟ್ಟು ನಿದ್ರಿಸಕೂಡದು. ಚಳಿಗೆ ಕೆಂಡದ ಬಾಂಡಲೆಯನ್ನು ಕೋಣೆಯೊಳಗಿಟ್ಟುಕೊಂಡು ಬಾಗಿಲು ಹಾಕುವವರು ನಮ್ಮಲ್ಲಿಯೂ ಇದ್ದಾರೆ, ಅವರಿಗೂ ಇದೇ ಮಾತು.

ಮಲವಿಸರ್ಜನೆಗೆ ಮುಚ್ಚಳವಿರುವ ಬಕೆಟ್ಟು ಮತ್ತು ಮರದ ಹೊಟ್ಟು. ಕೇಳಿ ಮೂಗು ಮುರಿಯುವವರಿಗೆ ಒಂದು ಮಾತು: ತನ್ನ ಕೊಳೆ ಎಲ್ಲಿಗೆ ಹೋಗುತ್ತದೆಂದು ಅರಿತವನು ಆ ಬಕೆಟ್ಟಿನ ಒಡೆಯ. ಪಟ್ಟಣದ ಕೊಳವೆಗೆ ನೀರು ಬಿಡುವ ನಮಗೆ ಅದು ಯಾವ ಹೊಳೆಗೆ ಸೇರುತ್ತದೆಂದು ಗೊತ್ತಿಲ್ಲ.

ಇಷ್ಟರಿಂದ ವ್ಯಾನಿನ ಬದುಕು ಪರಿಸರಸ್ನೇಹಿ ಎಂದು ತೀರ್ಮಾನಿಸಬೇಡಿ. ಹಳೆಯ ವ್ಯಾನು ಲೀಟರಿಗೆ ಆರೇಳು ಕಿಲೋಮೀಟರ್ ಓಡುತ್ತದೆ, ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ದಿನಕ್ಕೊಂದು ಬೆಟ್ಟದ ಮೇಲೆ ಸೂರ್ಯೋದಯದ ಚಿತ್ರ ತೆಗೆದು ಕಳುಹಿಸುವವರ ಲೆಕ್ಕವೇ ಬೇರೆ. ಬಡತನದಿಂದ ಅದರಲ್ಲಿ ವಾಸಿಸುವವರು ಹೆಚ್ಚು ಓಡಿಸುವುದಿಲ್ಲ. ಅವರಿಗೆ ಬೇಕಾದದ್ದು ನಿಲ್ಲುವುದು.

ಸಿದ್ಧತೆಯ ಅತ್ಯಂತ ಕಠಿಣ ಭಾಗ ವ್ಯಾನಿನ ಒಳಗಿಲ್ಲ ಎಂಬುದನ್ನು ಗಮನಿಸಬೇಕು. ಮೊದಲನೆಯದು ವಿಳಾಸ. ಚಾಲನಾ ಪರವಾನಗಿ, ವಿಮೆ, ಬ್ಯಾಂಕು, ವೈದ್ಯರು, ಮತದಾನ ಎಲ್ಲಕ್ಕೂ ಮನೆಯ ವಿಳಾಸ ಬೇಕು. ಆದ್ದರಿಂದ ಸೌತ್ ಡಕೋಟಾ, ಟೆಕ್ಸಸ್, ಫ್ಲಾರಿಡಾ ರಾಜ್ಯಗಳಲ್ಲಿ ಅಂಚೆಯನ್ನು ಸ್ವೀಕರಿಸಿ ಕಳುಹಿಸುವ ಸೇವೆಗಳಿಗೆ ಹಣ ಕೊಟ್ಟು ಕಾಗದದ ಮೇಲೊಂದು ಊರನ್ನು ಇಟ್ಟುಕೊಳ್ಳುತ್ತಾರೆ. ಎರಡನೆಯದು ರಾತ್ರಿ ಎಲ್ಲಿ ನಿಲ್ಲುವುದು ಎಂಬುದು. ಲಾಸ್ ಏಂಜಲೀಸ್ ನಗರ ವಾಹನದಲ್ಲಿ ವಾಸಿಸುವುದನ್ನೇ ನಿಷೇಧಿಸಿತ್ತು. 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಕಾನೂನು ಅಸ್ಪಷ್ಟವೆಂದು ತಳ್ಳಿಹಾಕಿತು, ನಗರ ಇನ್ನೊಂದನ್ನು ತಂದಿತು. 2024ರ ಜೂನ್‌ನಲ್ಲಿ ಗ್ರಾಂಟ್ಸ್ ಪಾಸ್ ಎಂಬ ಪಟ್ಟಣದ ಮೊಕದ್ದಮೆಯಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ, ಸಾರ್ವಜನಿಕ ಸ್ಥಳದಲ್ಲಿ ಬಿಡಾರ ಹೂಡಿ ಮಲಗುವವರಿಗೆ, ಅವರಿಗೆ ಹೋಗಲು ಬೇರೆ ಜಾಗವಿಲ್ಲದಿದ್ದರೂ, ದಂಡ ವಿಧಿಸಬಹುದೆಂದು ತೀರ್ಪಿತ್ತಿತು.

ಹಾಗಾದರೆ ಇವರೆಲ್ಲ ನಿಲ್ಲುವುದೆಲ್ಲಿ? ಪಶ್ಚಿಮದ ರಾಜ್ಯಗಳಲ್ಲಿ ಕೇಂದ್ರ ಸರ್ಕಾರದ ಭೂ ನಿರ್ವಹಣಾ ಇಲಾಖೆಯ ಕೈಯಲ್ಲಿ ಸುಮಾರು 24.5 ಕೋಟಿ ಎಕರೆ ಭೂಮಿಯಿದೆ. ಅದರ ಬಹುಭಾಗದಲ್ಲಿ ಯಾರು ಬೇಕಾದರೂ ಶುಲ್ಕವಿಲ್ಲದೆ ಬಿಡಾರ ಹೂಡಬಹುದು. ಸಾಮಾನ್ಯವಾಗಿ ಒಂದೆಡೆ ಹದಿನಾಲ್ಕು ದಿನ, ಆಮೇಲೆ ದೂರ ಸರಿಯಬೇಕು. ಆ ನೆಲ ಮೂಲನಿವಾಸಿಗಳಿಂದ ಕಿತ್ತುಕೊಂಡದ್ದೆಂಬುದನ್ನು ಮರೆಯುವಂತಿಲ್ಲ. ಆದರೂ ಇಂದು ವ್ಯಾನಿನ ವಿಧವೆಗೆ ಆಸರೆಯಾಗಿರುವುದು ಆ ಬಯಲು. ಬಾಬ್ ವೆಲ್ಸ್ ಕಲಿಸುವ ವಿದ್ಯೆಯೆಲ್ಲ ನಿಂತಿರುವುದು ಅದರ ಮೇಲೆ. 2025ರ ಜೂನ್‌ನಲ್ಲಿ ಅಂಥ ಸಾರ್ವಜನಿಕ ಭೂಮಿಯಲ್ಲಿ ಲಕ್ಷಾಂತರ ಎಕರೆಯನ್ನು ಮಾರುವ ಪ್ರಸ್ತಾಪ ಅಲ್ಲಿನ ಸೆನೆಟ್ಟಿನ ಮುಂದೆ ಬಂದಿತ್ತು. ಬೇಟೆಗಾರರು, ಚಾರಣಿಗರು, ಪರಿಸರದವರು ಎಲ್ಲರೂ ಒಟ್ಟಾಗಿ ವಿರೋಧಿಸಿದ್ದರಿಂದ ಅದನ್ನು ಕೈಬಿಡಲಾಯಿತು. ಎಂದೂ ಒಂದೇ ವೇದಿಕೆ ಹತ್ತದ ಜನ ಅವರು!

ಈಗ ನಮ್ಮ ಕಡೆಗೆ ಬರೋಣ. ಮನೆಯನ್ನು ಗಾಡಿಗೆ ಹೇರಿದ ನೆನಪು ಮಲೆನಾಡಿಗೂ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿ ಕಣಿವೆಯ ಕುಟುಂಬಗಳು ಬಾಗಿಲು, ಜಂತೆ, ದನಕರುಗಳ ಸಹಿತ ಹೊಸ ಕಾಡುಗಳಿಗೆ ಹೋದವು. ಅವರಿಗೆ ತೋರಿಸಿದ ನೆಲ ಅರಣ್ಯವೋ ಕಂದಾಯವೋ ಎಂಬ ಜಗಳದಲ್ಲಿ ಮೊಮ್ಮಕ್ಕಳ ಕಾಲಕ್ಕೂ ಹಕ್ಕುಪತ್ರಕ್ಕಾಗಿ ಅಲೆದವರಿದ್ದಾರೆ. ಊರೂರು ಸುತ್ತುವ ಅಲೆಮಾರಿ ಸಮುದಾಯಗಳನ್ನು 1871ರ ಕಾಯಿದೆ ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಮಾಡಿತು, ಅದು ರದ್ದಾದದ್ದು 1952ರಲ್ಲಿ. ಅವರ ಗುಡಾರಗಳು ಎದ್ದದ್ದು ಊರಿನ ಗೋಮಾಳದಲ್ಲಿ, ಕೆರೆಯಂಗಳದಲ್ಲಿ. ಆ ಗೋಮಾಳಕ್ಕೆ ಈಗ ಬೇಲಿ ಬಿದ್ದಿದ್ದರೆ ಅವರು ಎಲ್ಲಿ ಇಳಿದಾರು? ನಮ್ಮಲ್ಲಿ ಒಬ್ಬ ವಿಧವೆಯೋ, ಕೆಲಸ ಕಳೆದುಕೊಂಡು ಬೆಂಗಳೂರಿನಿಂದ ಮರಳಿದ ಹುಡುಗನೋ ನಾಲ್ಕು ದಿನ ಉಸಿರಾಡಲು ಜಾಗ ಬೇಕೆಂದರೆ ಬಂಧುಗಳ ಜಗುಲಿ ಇದೆ, ನಿಜ. ಜಗುಲಿಯಲ್ಲಿ ಒಲೆ ಬೇರೆ ಹೂಡುವಂತಿಲ್ಲ ಎಂಬುದೂ ಅಷ್ಟೇ ನಿಜ.

ಆದುದರಿಂದ ವ್ಯಾನಿನ ಕನಸು ಕಾಣುವ ವಿದ್ಯಾರ್ಥಿಗಳಿಗೆ ಬೇಡವೆಂದು ಹೇಳಲಾರೆ. ಕೊಳ್ಳುವ ಮೊದಲು ಎರಡು ಕೆಲಸ ಮಾಡಿ. ನಾಳೆ ಬೆಳಿಗ್ಗೆಯಿಂದ ಒಂದು ದಿನ ಎಂಟು ಲೀಟರ್ ನೀರನ್ನು ಅಳೆದಿಟ್ಟುಕೊಂಡು ಕಳೆಯಿರಿ. ಶಿಬಿರದ ಅಡುಗೆಮನೆಯಲ್ಲಿ ಕ್ಯಾನುಗಳನ್ನು ಇಡಲಾಗಿದೆ. ಇನ್ನೊಂದು, ಇಂದು ಊಟದ ನಂತರದ ಗೋಷ್ಠಿಗೆ ತಪ್ಪದೆ ಬನ್ನಿ. ಈ ಗ್ರಾಮದ ಗೋಮಾಳ, ಕಾನು, ಸೊಪ್ಪಿನ ಬೆಟ್ಟಗಳ ಪಹಣಿಗಳನ್ನೂ ನಕ್ಷೆಯನ್ನೂ ಮೇಜಿನ ಮೇಲೆ ಹರಡಿ ಕೂರುತ್ತೇವೆ. ಯಾವ ಸರ್ವೆ ನಂಬರಿನಲ್ಲಿ ಎಷ್ಟು ಎಕರೆ ಉಳಿದಿದೆ, ಎಷ್ಟು ಒತ್ತುವರಿಯಾಗಿದೆ ಎಂದು ಗುರುತುಹಾಕಬೇಕಾಗಿದೆ. ಹಿರಿಯರು ದಯವಿಟ್ಟು ಆ ಹೊತ್ತಿಗೆ ಮನೆಗೆ ಹೋಗಬೇಡಿ. ಹಳೆಯ ಗಡಿಕಲ್ಲುಗಳು ಎಲ್ಲಿದ್ದವೆಂಬುದು ನಕ್ಷೆಯಲ್ಲಿಲ್ಲ, ನಿಮಗೆ ಗೊತ್ತಿದೆ.