ಕೇಂಬ್ರಿಜ್‌ನ ಕಾಲೇಜು ಕ್ವಾಯರ್‌ಗಳು

ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಹಳೆಯ ಕಾಲೇಜುಗಳಲ್ಲಿ ಒಂದೊಂದು ಪ್ರಾರ್ಥನಾಮಂದಿರವಿದೆ. ಮಂದಿರಕ್ಕೊಂದು ಗಾಯಕವೃಂದವೂ ಇದೆ. ಕ್ವಾಯರ್ ಎಂದು ಕರೆಯುವ ಈ ವೃಂದಗಳಲ್ಲಿ ಹಾಡುವವರು ಬಹುಪಾಲು ವಿದ್ಯಾರ್ಥಿಗಳು. ಪಾಠದ ದಿನಗಳಲ್ಲಿ ಸಂಜೆಯ ಪ್ರಾರ್ಥನೆಗೆ ಹಾಡುವ ಇವರು ರಜೆ ಬಂದೊಡನೆ ಯುರೋಪು, ಅಮೆರಿಕ, ಆಸ್ಟ್ರೇಲಿಯಾ, ಏಷ್ಯಾಗಳ ಊರುಗಳಿಗೆ ಪ್ರವಾಸ ಹೊರಡುತ್ತಾರೆ. ಕಿಂಗ್ಸ್, ಸೇಂಟ್ ಜಾನ್ಸ್, ಟ್ರಿನಿಟಿ, ಕ್ಲೇರ್ ಕಾಲೇಜುಗಳ ವೃಂದಗಳಂತೂ ಧ್ವನಿಮುದ್ರಿಕೆಗಳಿಂದ ಜಗತ್ತಿನ ಎಲ್ಲೆಡೆ ಹೆಸರಾಗಿವೆ. ಪರದೇಶದ ಸಭಾಂಗಣದಲ್ಲಿ ಟಿಕೆಟ್ ಕೊಂಡು ಕೂತವರು ಕೇಳುವುದು ಒಂದು ಕಛೇರಿಯನ್ನು. ಆದರೆ ಅಲ್ಲಿ ಕೇಳಿಬರುವ ಹಾಡುಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಆರಾಧನೆಗೆ. ವೃಂದಗಳ ಬಲವೇನು, ಪ್ರವಾಸದಲ್ಲಿ ಅವು ಪಡುವ ಪಾಡೇನು ಎಂಬುದು ತಿಳಿಯಬೇಕಾದರೆ ಆ ಆರಾಧನೆಯಿಂದಲೇ ಶುರುಮಾಡಬೇಕು.

16ನೆಯ ಶತಮಾನದಲ್ಲಿ ಇಂಗ್ಲೆಂಡಿನ ಚರ್ಚು ಪೋಪರ ಅಧಿಕಾರದಿಂದ ಬೇರೆಯಾಯಿತು. ಪ್ರಾರ್ಥನೆ ಲ್ಯಾಟಿನ್ನಿನಿಂದ ಇಂಗ್ಲಿಷಿಗೆ ಬಂತು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಥಾಮಸ್ ಕ್ರ್ಯಾನ್ಮರ್ 1549ರಲ್ಲಿ ರೂಪಿಸಿಕೊಟ್ಟ ಪ್ರಾರ್ಥನಾ ಪುಸ್ತಕ, ಹೊತ್ತು ಮುಳುಗುವಾಗ ಒಮ್ಮೆ, ಮಲಗುವ ಮುನ್ನ ಇನ್ನೊಮ್ಮೆ ನಡೆಯುತ್ತಿದ್ದ ಎರಡು ಆರಾಧನೆಗಳನ್ನು ಕೂಡಿಸಿ ಒಂದೇ ಸಂಜೆಯ ಆರಾಧನೆಯನ್ನಾಗಿ ಮಾಡಿತು. ಇವನ್‌ಸಾಂಗ್ ಎಂಬುದು ಅದರ ಹೆಸರು. ಬೈಬಲ್ಲಿನ ಕೀರ್ತನೆಗಳು, ಅದರಿಂದಲೇ ಓದುವ ಎರಡು ಪಾಠಗಳು, ಯೇಸುವಿನ ತಾಯಿ ಮರಿಯಳ ಸ್ತೋತ್ರ, ವೃದ್ಧ ಸಿಮೆಯೋನನ ಸ್ತೋತ್ರ, ಇವುಗಳ ನಂತರ ವೃಂದವು ಹಾಡುವ ಆಂಥಮ್ ಎಂಬ ಗೀತೆ: ಇದು ಅದರ ಕ್ರಮ. ಕರ್ನಾಟಕದ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಗಳವರಿಗೆ ಇದು ತೀರ ಅಪರಿಚಿತವಾಗಿರಲಾರದು. 1947ರಲ್ಲಿ ಆ ಸಭೆಯೊಳಗೆ ಒಂದಾದ ಪಂಥಗಳಲ್ಲಿ ಇಂಗ್ಲೆಂಡಿನ ಚರ್ಚಿನದೇ ಆದ ಆಂಗ್ಲಿಕನ್ ಪಂಥವೂ ಸೇರಿತ್ತು. ಪ್ರಾರ್ಥನಾ ಪುಸ್ತಕದಲ್ಲಿ ಬೈಬಲ್ಲಿನ 150 ಕೀರ್ತನೆಗಳನ್ನು ತಿಂಗಳಿನ 30 ದಿನಗಳ ಬೆಳಿಗ್ಗೆ, ಸಂಜೆಗಳಿಗೆ ಹಂಚಲಾಗಿದೆ. 15ನೆಯ ತಾರೀಖಿನ ಸಂಜೆಗೆ ಬರುವುದು ಎಪ್ಪತ್ತಕ್ಕೂ ಹೆಚ್ಚು ವಚನಗಳ 78ನೆಯ ಕೀರ್ತನೆ. ಆ ಸಂಜೆ ಅದನ್ನು ಪೂರ್ತಿ ಹಾಡಬೇಕಾದ ವೃಂದಕ್ಕೆ ಉಸಿರಿನ ಪರೀಕ್ಷೆಯೇ ಆಗುತ್ತದೆ.

ಕಿಂಗ್ಸ್ ಕಾಲೇಜನ್ನು 1441ರಲ್ಲಿ ಸ್ಥಾಪಿಸಿದ ಆರನೆಯ ಹೆನ್ರಿ ದೊರೆ, ತನ್ನ ಮಂದಿರದಲ್ಲಿ ದಿನವೂ ಹಾಡಲು 16 ಮಂದಿ ಹುಡುಗರಿರಬೇಕೆಂದು ಕಟ್ಟಳೆ ಮಾಡಿದ್ದ. ಇಂದಿಗೂ ಅಲ್ಲಿ 16 ಹುಡುಗರಿದ್ದಾರೆ. ಕಾಲೇಜಿನದೇ ಶಾಲೆಯಲ್ಲಿ ಓದುತ್ತ ಮೇಲಿನ ಸ್ಥಾಯಿಯನ್ನು ಹಾಡುತ್ತಾರೆ. ಕೆಳಗಿನ ದನಿಗಳಿಗೆ ಪದವಿ ಓದುವ ಯುವಕರು. ಕಾಲೇಜು 1972ರಲ್ಲಿ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದರೂ ಈ ವೃಂದ ಗಂಡಸರದಾಗಿಯೇ ಉಳಿಯಿತು. ಅದೇ ವರ್ಷ ಮಹಿಳೆಯರನ್ನು ಸೇರಿಸಿಕೊಂಡ ಕ್ಲೇರ್ ಕಾಲೇಜು ಬೇರೆ ದಾರಿ ಹಿಡಿದು, ವಿದ್ಯಾರ್ಥಿನಿಯರೇ ಮೇಲಿನ ದನಿ ಹಾಡುವ ಮಿಶ್ರ ವೃಂದವನ್ನು ಕಟ್ಟಿತು. 1980ರ ದಶಕದಲ್ಲಿ ಟ್ರಿನಿಟಿ ಅದೇ ಹಾದಿಗೆ ಬಂತು. ಸೇಂಟ್ ಜಾನ್ಸ್ 2022ರಲ್ಲಷ್ಟೇ ಬಾಲಕಿಯರನ್ನೂ ಮಹಿಳೆಯರನ್ನೂ ತನ್ನ ವೃಂದಕ್ಕೆ ಸೇರಿಸಿಕೊಂಡಿತು. ಹುಡುಗರ ಕಂಠದ ಹೊಳಪಿಗೆ ಸಾಟಿಯಿಲ್ಲ ಎನ್ನುವವರು ಈಗಲೂ ಇದ್ದಾರೆ. ಕ್ಲೇರ್ ಮತ್ತು ಟ್ರಿನಿಟಿಯ ಧ್ವನಿಮುದ್ರಿಕೆಗಳನ್ನು ಕೇಳಿದ ಮೇಲೆ ಆ ವಾದ ಹಿಂದಿನಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ.

ಈ ಸಂಗೀತದಲ್ಲಿ ಎಲ್ಲರೂ ಒಂದೇ ರಾಗವನ್ನು ಹಾಡುವುದಿಲ್ಲ. ಸೊಪ್ರಾನೊ, ಆಲ್ಟೊ, ಟೆನರ್, ಬೇಸ್ ಎಂಬ ನಾಲ್ಕು ದನಿಗಳಿಗೆ ನಾಲ್ಕು ಬೇರೆ ಬೇರೆ ಧಾಟಿ. ನಾಲ್ಕೂ ಏಕಕಾಲಕ್ಕೆ ನಡೆದು ಒಂದಕ್ಕೊಂದು ಹೊಂದಬೇಕು. ತಂಬೂರಿಯ ಆಸರೆ ಇಲ್ಲ. ಆರ್ಗನ್ನೂ ಇಲ್ಲದ ಹಾಡಾದರೆ ಮೊದಲು ಕೊಟ್ಟ ಸ್ವರವನ್ನು ಪ್ರತಿಯೊಬ್ಬರೂ ಮನಸ್ಸಿನಲ್ಲೇ ಹಿಡಿದಿಟ್ಟುಕೊಳ್ಳಬೇಕು. 17ನೆಯ ಶತಮಾನದ ಸಂಗೀತಕಾರ ಹೆನ್ರಿ ಪರ್ಸೆಲ್ ಎಂಟು ದನಿಗಳಿಗೆ ಬರೆದ ‘ಹಿಯರ್ ಮೈ ಪ್ರೇಯರ್’ ಇದಕ್ಕೆ ಒಳ್ಳೆಯ ನಿದರ್ಶನ. ಒಂದೇ ದನಿ, ಬರೀ ಎರಡು ಸ್ವರಗಳ ನಡುವೆ ಸುಳಿಯುತ್ತ ಹಾಡನ್ನು ಎತ್ತಿಕೊಳ್ಳುತ್ತದೆ. ಇನ್ನೊಂದು ದನಿ ಸೇರುತ್ತದೆ, ಮತ್ತೊಂದು ಸೇರುತ್ತದೆ. ಅಕ್ಕಪಕ್ಕದ ಸ್ವರಗಳು ಒಂದಕ್ಕೊಂದು ತಾಗಿ ಕಿವಿಗೆ ನೋವಾಗುವಷ್ಟು ಬಿಗಿಯಾಗುತ್ತವೆ. ಎಂಟೂ ದನಿಗಳು ಕೂಡಿದ ತುತ್ತತುದಿಯಲ್ಲಿ ಆ ಬಿಗಿ ಒಮ್ಮೆಲೇ ಸಡಿಲಿ ಹಾಡು ಮುಗಿಯುತ್ತದೆ. ಎಲ್ಲ ಸೇರಿ ಮೂರು ನಿಮಿಷವೂ ಹಿಡಿಯದು. ಪರ್ಸೆಲ್ ತನ್ನ ಕೈಯಿಂದಲೇ ಬರೆದ ಪ್ರತಿ ಕೇಂಬ್ರಿಜ್‌ನ ಫಿಟ್ಸ್‌ವಿಲಿಯಂ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಈ ಹಾಡಿನ ಮುಂದಿನ ಹಾಳೆಗಳು ಖಾಲಿ ಇರುವುದರಿಂದ, ದೊಡ್ಡದೊಂದು ಕೃತಿಯ ಆರಂಭವಷ್ಟೇ ಇದು ಎಂದು ವಿದ್ವಾಂಸರು ಊಹಿಸುತ್ತಾರೆ.

ಪ್ರವಾಸದ ಕಾರ್ಯಕ್ರಮ ಸಾಮಾನ್ಯವಾಗಿ ಇಂಗ್ಲಿಷ್ ಚರ್ಚ್ ಸಂಗೀತದ ಐದು ಶತಮಾನಗಳನ್ನು ಹಾಯುತ್ತದೆ. ಥಾಮಸ್ ಟ್ಯಾಲಿಸ್ ನಾಲ್ವರು ದೊರೆಗಳ ಕಾಲದಲ್ಲಿ ಹಾಡು ಕಟ್ಟಿದವನು. ಸಿಂಹಾಸನದ ಮೇಲಿನವರ ಮತಕ್ಕೆ ತಕ್ಕಂತೆ ಲ್ಯಾಟಿನ್ನಿನಲ್ಲೂ ಇಂಗ್ಲಿಷಿನಲ್ಲೂ ಬರೆದ. ಅವನ ಜೊತೆಗಾರ ವಿಲಿಯಂ ಬರ್ಡ್ ರಾಣಿ ಎಲಿಜಬೆತ್ತಳ ಆಸ್ಥಾನದಲ್ಲಿದ್ದೂ ಕ್ಯಾಥೊಲಿಕನಾಗಿಯೇ ಉಳಿದು ಅಧಿಕಾರಿಗಳ ಕಿರುಕುಳ ಅನುಭವಿಸಿದ. ಅಂದು ಮನೆಗಳೊಳಗೆ ಗುಟ್ಟಾಗಿ ನಡೆಯುತ್ತಿದ್ದ ಪೂಜೆಗೆಂದು ಅವನು ರಚಿಸಿದ ಲ್ಯಾಟಿನ್ ಕೃತಿಗಳನ್ನು ಇಂದು ಆಂಗ್ಲಿಕನ್ ಮಂದಿರಗಳ ವೃಂದಗಳೇ ಊರೂರಿಗೆ ಒಯ್ದು ಹಾಡುತ್ತಿವೆ! ಇನ್ನೊಬ್ಬ ರಚನಕಾರ ಆರ್ಲಾಂಡೊ ಗಿಬ್ಬನ್ಸ್ ಬಾಲಕನಾಗಿ ಕಿಂಗ್ಸ್ ವೃಂದದಲ್ಲೇ ಹಾಡಿದವನು. 1640ರ ದಶಕದಲ್ಲಿ ಕಟ್ಟಾ ಸುಧಾರಣಾವಾದಿಗಳಾದ ಪ್ಯೂರಿಟನ್ನರ ಕೈ ಮೇಲಾದಾಗ ಪ್ರಾರ್ಥನಾ ಪುಸ್ತಕಕ್ಕೆ ನಿಷೇಧ ಬಂತು, ವೃಂದಗಳು ಚದುರಿದವು. 1660ರಲ್ಲಿ ರಾಜಪ್ರಭುತ್ವ ಮರಳಿದ ಮೇಲೆ ಮತ್ತೆ ಕಟ್ಟಬೇಕಾಯಿತು. ಆ ಪುನರಾರಂಭದ ಫಲವೇ ಪರ್ಸೆಲ್. 19ನೆಯ ಶತಮಾನದ ಕೊನೆಯಲ್ಲಿ ಟ್ರಿನಿಟಿಯ ಆರ್ಗನ್ ವಾದಕನಾಗಿದ್ದ ಚಾರ್ಲ್ಸ್ ಸ್ಟ್ಯಾನ್‌ಫರ್ಡ್ ಚರ್ಚ್ ಸಂಗೀತಕ್ಕೆ ಹೊಸ ಕಸುವು ತಂದ. 20ನೆಯ ಶತಮಾನದ ಹರ್ಬರ್ಟ್ ಹಾವೆಲ್ಸ್, ಒಂದೊಂದು ಕಟ್ಟಡದಲ್ಲಿ ದನಿ ಹೇಗೆ ಮೊಳಗುತ್ತದೆಂದು ಲೆಕ್ಕ ಹಾಕಿ ಆಯಾ ಮಂದಿರಕ್ಕೇ ಎಂದು ಬರೆದ. 1945ರಲ್ಲಿ ಕಿಂಗ್ಸ್‌ಗೆ, ಆಮೇಲೆ ಗ್ಲಾಸ್ಟರ್ ಕೆಥೀಡ್ರಲ್‌ಗೆ, ಲಂಡನ್ನಿನ ಸೇಂಟ್ ಪಾಲ್ಸ್ ಕೆಥೀಡ್ರಲ್‌ಗೆ.

ಹಾಡುವ ವಿದ್ಯಾರ್ಥಿಗಳೆಲ್ಲ ಸಂಗೀತವನ್ನೇ ಓದುತ್ತಿರುವವರಲ್ಲ. ಕಾನೂನು, ಗಣಿತ, ವೈದ್ಯಕೀಯ ಓದುವವರೂ ಕಂಠಪರೀಕ್ಷೆಯಲ್ಲಿ ಗೆದ್ದು ಬಂದಿರುತ್ತಾರೆ. ವಾರದಲ್ಲಿ ಹಲವು ಸಂಜೆ ಆರಾಧನೆ, ಪ್ರತಿ ಸಂಜೆಗೂ ಬೇರೆ ಹಾಡು, ಅಭ್ಯಾಸಕ್ಕೆ ಸಿಗುವುದು ಮುಂಚಿನ ಒಂದು ಗಂಟೆಯೋ ಮುಕ್ಕಾಲು ಗಂಟೆಯೋ. ಹಾಗಾಗಿ ಹಿಂದೆಂದೂ ನೋಡದ ಸ್ವರಲಿಪಿಯನ್ನು ಕಂಡ ಕೂಡಲೇ ಹಾಡುವ ಶಕ್ತಿ ಇಲ್ಲದವರಿಗೆ ಇಲ್ಲಿ ಜಾಗವಿಲ್ಲ. ವರ್ಷದಲ್ಲಿ ಎಂಟೆಂಟು ವಾರಗಳ ಮೂರು ಪಾಠದ ಅವಧಿಗಳು. ಪ್ರವಾಸಕ್ಕೆ ಉಳಿಯುವುದು ಡಿಸೆಂಬರ್, ವಸಂತದ ರಜೆ ಮತ್ತು ಬೇಸಿಗೆ. ಮೂರೋ ನಾಲ್ಕೋ ವರ್ಷಕ್ಕೆ ಹಾಡುಗಾರರು ಪದವಿ ಪಡೆದು ಹೋಗಿಬಿಡುತ್ತಾರೆ. ಆದರೂ ವೃಂದದ ದನಿಗೊಂದು ಗುರುತು ಉಳಿಯುತ್ತದೆ. ಇದರ ಶ್ರೇಯಸ್ಸು ದೀರ್ಘಕಾಲ ನಿಂತ ನಿರ್ದೇಶಕರಿಗೆ ಸಲ್ಲಬೇಕು: ಸೇಂಟ್ ಜಾನ್ಸ್‌ನಲ್ಲಿ ಜಾರ್ಜ್ ಗೆಸ್ಟ್ 40 ವರ್ಷ ಇದ್ದರು, ಕಿಂಗ್ಸ್‌ನಲ್ಲಿ ಸ್ಟೀಫನ್ ಕ್ಲಿಯೊಬರಿ 37 ವರ್ಷ.

ಪ್ರವಾಸದ ದೊಡ್ಡ ತೊಡಕು ಕಟ್ಟಡ. ಕಿಂಗ್ಸ್ ಮಂದಿರ 88 ಮೀಟರ್ ಉದ್ದ, 12 ಮೀಟರ್ ಅಗಲ, 24 ಮೀಟರ್ ಎತ್ತರ. ಕಲ್ಲಿನ ಗೋಡೆ, ಕಲ್ಲಿನದೇ ಮೇಲ್ಛಾವಣಿ. ಹಾಡು ನಿಂತ ಮೇಲೂ ದನಿ ಕೆಲವು ಸೆಕೆಂಡ್ ಮೇಲೆಯೇ ಮೊಳಗುತ್ತಿರುತ್ತದೆ. ಆ ಮೊಳಗಿನಲ್ಲಿ ಒಬ್ಬರು ಉಸಿರೆಳೆದುಕೊಂಡ ಜಾಗವೂ ಗೊತ್ತಾಗದು. ಇದೇ ವೃಂದ ಮೆತ್ತನೆಯ ಆಸನ, ಪರದೆ, ಕಾರ್ಪೆಟ್ ಇರುವ ಸಭಾಂಗಣಕ್ಕೆ ಬಂದರೆ ದನಿ ಬಾಯಿಂದ ಹೊರಬಿದ್ದಲ್ಲೇ ಇಂಗಿಹೋಗುತ್ತದೆ, ಸಣ್ಣ ತಪ್ಪೂ ಎದ್ದು ಕಾಣುತ್ತದೆ. ನಿರ್ದೇಶಕರು ಕಾಲವನ್ನು ಕೊಂಚ ಚುರುಕುಗೊಳಿಸಿ, ವಾಕ್ಯಗಳ ನಡುವಿನ ಬಿಡುವನ್ನು ಕಡಿಮೆ ಮಾಡಬೇಕಾಗುತ್ತದೆ. ಶ್ರುತಿ ಇಳಿಯುವ ಭಯ ಬೇರೆ. ವಾದ್ಯವಿಲ್ಲದೆ ಹಾಡುವಾಗ ವೃಂದ ತನಗರಿವಿಲ್ಲದೆ ಅರ್ಧ ಸ್ವರ ಕೆಳಗೆ ಜಾರಿದ್ದರೆ, ಆರ್ಗನ್ ಸೇರಿಕೊಂಡ ಗಳಿಗೆಯಲ್ಲಿ ಗುಟ್ಟು ರಟ್ಟು. ಆರ್ಗನ್ನೂ ಊರಿಗೊಂದು ಬಗೆ. ನುಡಿಸುವ ವಿದ್ಯಾರ್ಥಿ ಹೊಸ ವಾದ್ಯದ ಕೀಲಿಮಣೆ, ಕಾಲುಮಣೆ, ನಾದದ ಗುಂಡಿಗಳನ್ನು ಕೆಲವೇ ಗಂಟೆಗಳಲ್ಲಿ ಪಳಗಿಸಿಕೊಳ್ಳಬೇಕು. ವಾದ್ಯವಿಲ್ಲದ ಹಾಡುಗಳು ಪ್ರವಾಸದ ಪಟ್ಟಿಯಲ್ಲಿ ಹೆಚ್ಚು ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ನಿಲ್ಲುವ ರೀತಿಯೂ ಬದಲಾಗುತ್ತದೆ. ಮಂದಿರದಲ್ಲಿ ವೃಂದ ಎರಡು ಪಾಲಾಗಿ ಎದುರುಬದುರು ನಿಂತು, ಒಂದು ಕಡೆಯವರು ಹಾಡಿದ ಸಾಲಿಗೆ ಇನ್ನೊಂದು ಕಡೆಯವರು ಉತ್ತರ ಕೊಡುತ್ತಾರೆ. ವೇದಿಕೆಯಲ್ಲಿ ಎಲ್ಲರೂ ಶ್ರೋತೃಗಳಿಗೆ ಮುಖ ಮಾಡುವುದರಿಂದ ಆ ಸಂವಾದ ಮಸುಕಾಗುತ್ತದೆ. ಇದಕ್ಕಿಂತ ದೊಡ್ಡ ನಷ್ಟವೆಂದರೆ ಕೀರ್ತನೆಗಳದು. ಒಂದೇ ಸ್ವರಮೇಳದ ಮೇಲೆ ಮಾತಿನ ಓಟಕ್ಕೆ ತಕ್ಕಂತೆ ಸಾಲನ್ನು ನಡೆಸಿ, ಕೊನೆಯ ಕೆಲವು ಸ್ವರಗಳಲ್ಲಿ ಮುಗಿಸುವ ಈ ಹಾಡಿಕೆ ಕಛೇರಿಗೆ ತೀರ ಸರಳವೆನಿಸಿ ಪಟ್ಟಿಯಿಂದ ಬಿದ್ದುಹೋಗುತ್ತದೆ. ಇಪ್ಪತ್ತೈದು ಮೂವತ್ತು ಮಂದಿ ಒಬ್ಬರೇ ಮಾತಾಡಿದಂತೆ ಒಂದು ವಚನವನ್ನು ಹಾಡುವುದು ಪರ್ಸೆಲ್ಲನ ಎಂಟು ದನಿಗಳಿಗಿಂತ ಸುಲಭವೇನಲ್ಲ. ವೃಂದದ ನಿಜವಾದ ಪಳಗುವಿಕೆ ತಿಳಿಯುವುದು ಅಲ್ಲಿಯೇ.

ಕೀರ್ತನೆಗಳ ಸಮೇತ ಪೂರ್ತಿ ಆರಾಧನೆಯನ್ನು ಕೇಳಲು ಬಾನುಲಿಯ ದಾರಿಯಿದೆ. ಬಿಬಿಸಿ 1926ರಿಂದ ಇವನ್‌ಸಾಂಗನ್ನು ಪ್ರಸಾರ ಮಾಡುತ್ತ ಬಂದಿದೆ. ಕಿಂಗ್ಸ್‌ನ ಕ್ರಿಸ್‌ಮಸ್ ಮುನ್ನಾದಿನದ ಆರಾಧನೆಯನ್ನು 1928ರಲ್ಲಿ ಮೊದಲು ಬಿತ್ತರಿಸಿತು. ಕೇಂಬ್ರಿಜ್‌ಗೇ ಹೋಗುವ ಅವಕಾಶ ಸಿಕ್ಕವರು ಪಾಠದ ಅವಧಿಯ ಸಂಜೆಗಳನ್ನು ಆರಿಸಿಕೊಳ್ಳುವುದು ಒಳ್ಳೆಯದು. ಕಾಲೇಜು ಮಂದಿರಗಳ ಇವನ್‌ಸಾಂಗ್‌ಗೆ ಯಾವ ಮತದವರೂ ಬಂದು ಕೂರಬಹುದು, ಅದಕ್ಕೆ ಶುಲ್ಕವಿಲ್ಲ.