ಪೀನಟ್ ಬಟರ್ ಕೊಳ್ತೀರಾ? ಡಬ್ಬಿಯ ಹಿಂಭಾಗ ಓದಿ

ಜಿಮ್‌ಗೆ ಸೇರಿದ ವಾರದಲ್ಲೇ ಎಷ್ಟೋ ಜನರ ಮನೆಗೆ ಪೀನಟ್ ಬಟರ್ ಬರುತ್ತೆ. ಡಬ್ಬಿಯ ಮುಂದೆ ‘ಹೈ ಪ್ರೋಟೀನ್’, ‘ನ್ಯಾಚುರಲ್’ ಅಂತ ದಪ್ಪ ಅಕ್ಷರ. ಆದ್ರೆ ನಮಗೆ ಬೇಕಾದ ಮಾಹಿತಿ ಇರೋದು ಹಿಂದೆ, ಸಣ್ಣ ಅಕ್ಷರದಲ್ಲಿ. ಅದನ್ನ ಓದೋದು ಹೇಗೆ ಅಂತ ಇವತ್ತು ನೋಡೋಣ.

ಮೊದಲು ಪದಾರ್ಥಗಳ ಪಟ್ಟಿ. ಯಾವುದರ ತೂಕ ಹೆಚ್ಚೋ ಅದರ ಹೆಸರು ಮೊದಲು ಬರಬೇಕು ಅನ್ನೋದು ನಿಯಮ. ಕಡಲೆಬೀಜ ಸಾಮಾನ್ಯವಾಗಿ ಮೊದಲೇ ಇರುತ್ತೆ. ಎರಡನೆಯದು ಏನು ಅನ್ನೋದನ್ನ ನೋಡಿ. ಸಕ್ಕರೆ ಇದ್ರೆ ‘ಆ್ಯಡೆಡ್ ಶುಗರ್’ ಅನ್ನೋ ಸಾಲಿಗೆ ಹೋಗಿ, 100 ಗ್ರಾಂಗೆ ಎಷ್ಟಿದೆ ಅಂತ ಗಮನಿಸಿ. ಬೆಲ್ಲ, ಜೇನುತುಪ್ಪ ಅಂತ ಬರೆದಿದ್ರೂ ಅದೂ ಸೇರಿಸಿದ ಸಕ್ಕರೆಯೇ.

ಮುಂದಿನದು ಎಣ್ಣೆ. ಬರೀ ಕಡಲೆಬೀಜ ಅರೆದಿಟ್ರೆ ಕೆಲವು ದಿನಕ್ಕೆ ಎಣ್ಣೆ ಮೇಲೆ ತೇಲುತ್ತೆ. ಅದು ಕೆಟ್ಟಿದೆ ಅಂತಲ್ಲ, ಚಮಚದಲ್ಲಿ ಚೆನ್ನಾಗಿ ಕಲಸಿದ್ರೆ ಸಾಕು. ಹಾಗೆ ತೇಲಬಾರದು ಅಂತಲೇ ಕೆಲವರು ತಾಳೆ ಎಣ್ಣೆ ಅಥವಾ ಹೈಡ್ರೋಜನೀಕರಿಸಿದ ಎಣ್ಣೆ ಸೇರಿಸ್ತಾರೆ. ಇದರಿಂದ ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾಗುತ್ತೆ. ಎಣ್ಣೆ ತೇಲ್ತಿರೋ ಡಬ್ಬಿ ನೋಡಿ ಹಿಂದೆ ಸರೀಬೇಡಿ.

ಈಗ ಪ್ರೋಟೀನ್ ಲೆಕ್ಕ. 100 ಗ್ರಾಂ ಕಡಲೆಬೀಜದಲ್ಲಿ ಪ್ರೋಟೀನ್ ಸುಮಾರು 25 ಗ್ರಾಂ, ಕೊಬ್ಬು ಅದರ ಎರಡರಷ್ಟು. ಎರಡು ದೊಡ್ಡ ಚಮಚ, ಅಂದ್ರೆ ಸುಮಾರು 30 ಗ್ರಾಂ ಪೀನಟ್ ಬಟರ್ ತಿಂದ್ರೆ ಸಿಗೋ ಪ್ರೋಟೀನ್ 7ರಿಂದ 8 ಗ್ರಾಂ, ಕ್ಯಾಲೊರಿ 180ರ ಆಸುಪಾಸು. ಎರಡು ಬೇಯಿಸಿದ ಮೊಟ್ಟೆಯಲ್ಲಿ ಅದಕ್ಕಿಂತ ಕಡಿಮೆ ಕ್ಯಾಲೊರಿಗೆ ಸುಮಾರು 12 ಗ್ರಾಂ ಪ್ರೋಟೀನ್ ಸಿಗುತ್ತೆ. ಕಡಲೆಬೀಜದ ಕೊಬ್ಬಿನಲ್ಲಿ ಹೆಚ್ಚಿನದು ಒಳ್ಳೆಯದೇ. ಆದ್ರೂ ಡಬ್ಬಿಗೇ ಚಮಚ ಹಾಕಿ ತಿಂತಾ ಕೂತ್ರೆ ಲೆಕ್ಕ ತಪ್ಪುತ್ತೆ. ‘ಲೋ ಫ್ಯಾಟ್’ ಅಂತ ಇದ್ರೆ ಇನ್ನೂ ಹುಷಾರು. ಕೊಬ್ಬು ತೆಗೆದ ಜಾಗಕ್ಕೆ ಎಷ್ಟೋ ಸಲ ಸಕ್ಕರೆ ಅಥವಾ ಪಿಷ್ಟ ಬಂದಿರುತ್ತೆ.

ದುಡ್ಡು ಉಳಿಸ್ಬೇಕಾ? ಮನೆಯಲ್ಲೇ ಮಾಡಿ. ಶೇಂಗಾ ಚಟ್ನಿ ಪುಡಿ ಮಾಡೋ ಮನೆಗೆ ಇದು ಹೊಸದೇನಲ್ಲ. ಅರ್ಧ ಕೆಜಿ ಬೀಜವನ್ನ ಸಣ್ಣ ಉರಿಯಲ್ಲಿ ಹುರಿದು, ಆರಿಸಿ, ಸಿಪ್ಪೆ ಉಜ್ಜಿ ಮಿಕ್ಸಿಗೆ ಹಾಕಿ. ಮೊದಲು ಪುಡಿ, ಆಮೇಲೆ ಮುದ್ದೆ, ಕೊನೆಗೆ ಎಣ್ಣೆ ಬಿಟ್ಟುಕೊಂಡು ನುಣ್ಣಗಾಗುತ್ತೆ. ಮಿಕ್ಸಿ ಬಿಸಿಯಾಗದಂತೆ ನಡುನಡುವೆ ನಿಲ್ಲಿಸಿ. ಬೂಷ್ಟು ಹಿಡಿದ, ಮುಗ್ಗಲು ವಾಸನೆಯ ಬೀಜ ಮಾತ್ರ ಹಾಕ್ಬೇಡಿ. ಅದರಲ್ಲಿರಬಹುದಾದ ಅಫ್ಲಾಟಾಕ್ಸಿನ್ ಲಿವರ್‌ಗೆ ವಿಷ, ಹುರಿದರೂ ಪೂರ್ತಿ ಹೋಗಲ್ಲ. ಕಡಲೆಕಾಯಿ ಅಲರ್ಜಿ ಇರೋರು ಮಾತ್ರ ಅಂಗಡೀದೂ ಬೇಡ, ಮನೇದೂ ಬೇಡ, ದೂರನೇ ಇರಿ.

ಒಟ್ಟಿನಲ್ಲಿ, ಪಟ್ಟಿಯಲ್ಲಿ ಕಡಲೆಬೀಜ, ಹೆಚ್ಚೆಂದರೆ ಸ್ವಲ್ಪ ಉಪ್ಪು. ಇಷ್ಟೇ ಇದ್ರೆ ಧೈರ್ಯವಾಗಿ ಕೊಳ್ಳಿ. ನಿಮ್ಮ ಮನೆಯ ಡಬ್ಬಿಯಲ್ಲಿ ಎರಡನೇ ಹೆಸರು ಯಾವುದು? ಈಗಲೇ ತಿರುಗಿಸಿ ನೋಡಿ.