ವೃಂದಗಾನ: ಕಂಠವೂ ಮೇಳವೂ



ಉತ್ಸವದ ವೇದಿಕೆಗಳ ಮೇಲೆ ಹತ್ತಿಪ್ಪತ್ತು ಮಂದಿ ಸ್ತ್ರೀಪುರುಷರು ಸಾಲಾಗಿ ನಿಂತು, ಈ ಕಾಲದ ಕವಿಗಳ ಗೀತಗಳನ್ನು ಕೀಬೋರ್ಡು, ಗಿಟಾರು, ತಬಲ, ರಿದಂಪ್ಯಾಡುಗಳ ಮೇಳದೊಡನೆ ಹಾಡುವುದೂ, ಹಾಗೆ ಹಾಡಿದುದನ್ನು ಧ್ವನಿಮುದ್ರಿಸಿ ನಾಲ್ಕು ಕಡೆಗೆ ಹಂಚುವುದೂ ಈಗ ಎಲ್ಲೆಡೆಯೂ ವಾಡಿಕೆಯಾಗಿದೆ. ಇದನ್ನು ಕಂಡು ಹಿರಿಯರಲ್ಲಿ ಕೆಲವರು ಮೂಗುಮುರಿಯುವರು. ಭಜನೆಯಿದ್ದ ಸ್ಥಳಕ್ಕೆ ಆರ್ಕೆಸ್ಟ್ರಾ ಬಂದು ಕುಳಿತಿತೆಂಬುದು ಅವರ ಕೊರಗು. ಕಿರಿಯರೋ, ತಾಳ ತಂಬೂರಿಗಳನ್ನೇ ನೆಚ್ಚಿಕೊಂಡಿರುವುದು ಇನ್ನೆಷ್ಟು ಕಾಲವೆಂದು ಕೇಳುವರು. ವಾದ್ಯವು ಹಳತೋ ಹೊಸತೋ ಎಂಬ ಈ ವಾಗ್ವಾದವು ಬೇಗನೆ ಮುಗಿಯತಕ್ಕದ್ದಲ್ಲ. ಮುಗಿದರೂ ಅದರಿಂದ ದೊಡ್ಡ ಪ್ರಯೋಜನವಿಲ್ಲ. ಒಟ್ಟಾಗಿ ನಿಂತವರು ನಿಜವಾಗಿ ಕೂಡಿ ಹಾಡುತ್ತಿರುವರೋ ಇಲ್ಲವೋ ಎಂಬುದೇ ವಿಚಾರಿಸಬೇಕಾದ ಸಂಗತಿ.

ಶಾಸ್ತ್ರವು ಈ ವಿಷಯದಲ್ಲಿ ಮೌನವಾಗಿಲ್ಲ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ಅರಸು ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದಲ್ಲಿ, ಗಾಯಕರೂ ವಾದಕರೂ ಕೂಡಿದ ಸಮೂಹಕ್ಕೆ ವೃಂದವೆಂದು ಹೆಸರಿಟ್ಟು, ಉತ್ತಮ, ಮಧ್ಯಮ, ಕನಿಷ್ಠವೆಂದು ಅದನ್ನು ವಿಭಾಗಿಸಿದ್ದಾನೆ. ಉತ್ತಮವೃಂದದಲ್ಲಿ ಮುಖ್ಯಗಾಯಕರು 4 ಮಂದಿ, ಅವರೊಡನೆ ಸಮವಾಗಿ ಹಾಡುವವರು 8 ಮಂದಿ, ಗಾಯಿಕೆಯರು 12 ಮಂದಿ, ಕೊಳಲಿನವರು 4 ಮಂದಿ, ಮೃದಂಗದವರು 4 ಮಂದಿ. ಲೆಕ್ಕ ಹಾಕಿ ನೋಡಿದರೆ ಕಂಠಗಳು 24, ವಾದ್ಯಗಳು 8. ಸ್ತ್ರೀಯರ ಸಂಖ್ಯೆಯು ಪುರುಷಗಾಯಕರ ಸಂಖ್ಯೆಗೆ ಸರಿಸಮನಾಗಿರುವುದನ್ನೂ ಲಕ್ಷಿಸಬೇಕು. ಆದುದರಿಂದ ಹಾಡುಗಾರರ ಜೊತೆಗೆ ವಾದ್ಯಮೇಳವು ಸೇರುವುದು ಈಚಿನ ಕೆಡುಕೆಂದು ಹೇಳುವವರು ಏಳುನೂರು ವರ್ಷಗಳಿಗೂ ಹಿಂದಿನ ಗ್ರಂಥದೊಡನೆ ಜಗಳಕ್ಕೆ ನಿಲ್ಲಬೇಕಾಗುವುದು. ಕಂಠಕ್ಕೆ ಮೂರು ಪಾಲು, ವಾದ್ಯಕ್ಕೆ ಒಂದು ಪಾಲು ಎಂಬ ಆ ಪ್ರಮಾಣವನ್ನಾದರೋ ಕಿರಿಯರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ವಿದ್ಯುಚ್ಛಕ್ತಿಯ ಬಲದಿಂದ ಇಂದು ಒಂದೇ ಒಂದು ಕೀಬೋರ್ಡು ಇಪ್ಪತ್ತು ಕಂಠಗಳನ್ನು ಮುಚ್ಚಿಬಿಡಬಲ್ಲದು. ತಲೆಗಳನ್ನು ಎಣಿಸಿ ಪ್ರಮಾಣವನ್ನು ತಿಳಿಯಲಾಗದು; ಕಿವಿಯಿಂದಲೇ ತಿಳಿಯಬೇಕು.

ಅದೇ ಗ್ರಂಥವು ವೃಂದಕ್ಕೆ ಆರು ಗುಣಗಳನ್ನು ಹೇಳಿದೆ. ಮುಖ್ಯಗಾಯಕನನ್ನು ಅನುಸರಿಸುವುದು, ಒಂದರೊಡನೊಂದು ಬೆರೆಯುವುದು, ತಾಳವನ್ನು ಬಿಡದೆ ನಡೆಯುವುದು, ಮೂರು ಸ್ಥಾಯಿಗಳಲ್ಲಿ ಸಂಚರಿಸಬಲ್ಲ ಶಕ್ತಿ, ಧ್ವನಿಗಳ ಸಾದೃಶ್ಯ, ಈ ಐದನ್ನು ಯಾರಾದರೂ ಊಹಿಸಬಹುದು. ಉಳಿದ ಒಂದು ಗುಣವು ಮಾತ್ರ ಅಪೂರ್ವವಾದುದು: ಒಬ್ಬರಲ್ಲಿ ತುಂಡಾದುದನ್ನು ಮತ್ತೊಬ್ಬರು ನಿರ್ವಹಿಸುವುದು. ಉಸಿರು ಸಾಲದೆ ಒಬ್ಬಾಕೆಯು ನಿಂತಾಗ ಪಕ್ಕದಾಕೆಯ ದನಿಯು ಆ ಎಡೆಯನ್ನು ತುಂಬುವುದು. ಪಕ್ಕದಾಕೆಗೆ ನುಡಿ ಮರೆತಾಗ ಮೊದಲಿನಾಕೆಯು ಎತ್ತಿಕೊಡುವಳು. ಕೇಳುವವರಿಗೆ ಬಿರುಕೇ ಕಾಣದು. ಕಛೇರಿಯ ವಿದ್ವಾಂಸನಿಗೆ ದೋಷವೆನಿಸುವುದು ವೃಂದದಲ್ಲಿ ಪರಸ್ಪರ ಸಹಾಯಕ್ಕೆ ಅವಕಾಶವಾಗುವುದು. ಒಂಟಿಯಾಗಿ ಹಾಡಲು ಅಂಜುವ ಗೃಹಿಣಿಯೂ, ಹಗಲೆಲ್ಲ ದುಡಿದು ದಣಿದ ಕಾರ್ಮಿಕನೂ ಗಾನದಲ್ಲಿ ಪಾಲುಗೊಳ್ಳುವುದು ಈ ಒಂದು ಗುಣದ ಬಲದಿಂದಲೇ.

ಮಲೆನಾಡಿನವರಿಗೆ ಇದನ್ನು ಪುಸ್ತಕದಿಂದ ಕಲಿಸಬೇಕಾದುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆ ದೀಪಾವಳಿಯ ರಾತ್ರಿಗಳಲ್ಲಿ ಅಂಟಿಗೆ-ಪಂಟಿಗೆಯವರು ಉರಿಯುವ ದೀಪವನ್ನು ಆರದಂತೆ ಕಾಪಾಡಿಕೊಂಡು, ಮನೆಯಿಂದ ಮನೆಗೆ ಹಾಡುತ್ತ ನಡೆಯುವರು. ಮುಂದಿನವರು ಒಂದು ಸೊಲ್ಲನ್ನು ಎತ್ತಿದರೆ ಹಿಂದಿನವರು ಅದನ್ನು ಹಿಡಿಯುವರು. ಒಂದು ಪಂಕ್ತಿಯು ಹಾಡುವಾಗ ಇನ್ನೊಂದಕ್ಕೆ ಉಸಿರಾಡಲು ಎಡೆ ಸಿಗುವುದರಿಂದಲೇ ರಾತ್ರಿಯೆಲ್ಲ ನಡೆದರೂ ಹಾಡು ಕಡಿಯದು. ಶಿವಶರಣರ ಸಾಹಿತ್ಯದಲ್ಲಿಯೂ ಇದೇ ಮರ್ಮವುಂಟು. ವಚನವು ಛಂದೋಬಂಧಕ್ಕೆ ಸಿಲುಕದ ನುಡಿ. ಸ್ವರವಚನಕ್ಕಾದರೋ ಪಲ್ಲವಿಯೂ ನುಡಿಗಳೂ ಉಂಟು. ನುಡಿಯನ್ನು ಬಲ್ಲವನೊಬ್ಬನು ಹಾಡಿ, ಪಲ್ಲವಿಯನ್ನು ನೆರೆದವರೆಲ್ಲರೂ ಹಾಡುವುದು ಮಠಗಳ ಭಜನೆಯಲ್ಲಿ ಇಂದಿಗೂ ಕಾಣುವ ಕ್ರಮ. ನಿಜಗುಣ ಶಿವಯೋಗಿಗಳ ಪದಗಳೂ, ಸರ್ಪಭೂಷಣ ಶಿವಯೋಗಿಗಳ ಪದಗಳೂ ಅವರವರ ಕಾಲಕ್ಕೆ ಹೊಸ ಹಾಡುಗಳೇ ಆಗಿದ್ದುವೆಂಬುದನ್ನು ಮರೆತು, ಹೊಸ ಗೀತವೆಂದೊಡನೆ ಹುಬ್ಬು ಗಂಟಿಕ್ಕುವುದು ಉಚಿತವಲ್ಲ.

ಹೊಸ ಗೀತವು ಸಭೆಯ ಕಂಠವನ್ನು ಸೇರಿದುದಕ್ಕೆ ಕನ್ನಡನಾಡಿನಲ್ಲಿ ಪ್ರಸಿದ್ಧ ನಿದರ್ಶನವು 1924ರದು. ಆ ವರ್ಷ ಬೆಳಗಾವಿಯಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ನೆರೆದ ಕಾಂಗ್ರೆಸ್ ಅಧಿವೇಶನದಲ್ಲಿ ಹುಯಿಲಗೋಳ ನಾರಾಯಣರಾಯರ ನಾಡಹಾಡು ಮೊಳಗಿತು. ಮುಂದೆ ಪಿ. ಕಾಳಿಂಗರಾಯರು ಮೋಹನಕುಮಾರಿ, ಸೋಹನಕುಮಾರಿಯರೆಂಬ ಸೋದರಿಯರೊಡನೆ ಊರೂರು ಸಂಚರಿಸಿ, ಕವಿಗಳ ಪುಸ್ತಕದಲ್ಲಿದ್ದುದನ್ನು ಜನರ ಬಾಯಿಗೆ ತಂದರು. 1918ರಲ್ಲಿ ಸ್ಥಾಪನೆಗೊಂಡ ಕಬ್ಬಿಣದ ಕಾರ್ಖಾನೆಯ ದೆಸೆಯಿಂದ ನಾನಾ ಭಾಷೆಯ ಜನರು ಬಂದು ನೆಲಸಿದ ಭದ್ರಾವತಿಯಲ್ಲಿ 1965ರಲ್ಲಿ ಆಕಾಶವಾಣಿಯ ನಿಲಯವು ಆರಂಭವಾಯಿತು. ಅಲ್ಲಿಂದಾಚೆಗೆ ಶಿವಮೊಗ್ಗೆಯವರಿಗೂ ಸುತ್ತಣ ಹಳ್ಳಿಯವರಿಗೂ ಸುಗಮಸಂಗೀತವು ಹತ್ತಿರದ ನಿಲಯದಿಂದಲೇ ಕೇಳಿಬರುವಂತಾಯಿತು.

1978ನೆಯ ವರ್ಷವು ಈ ಇತಿಹಾಸದಲ್ಲಿ ಗಣನೀಯವಾದುದು. ಶಿವಮೊಗ್ಗೆಯ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನದ ಅಧ್ಯಾಪಕರಾಗಿದ್ದ ಕೆ. ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗವನ್ನು ಹೊಂದಿಸಿದ ‘ನಿತ್ಯೋತ್ಸವ’ವೆಂಬ ಧ್ವನಿಸುರುಳಿಯು ಆ ವರ್ಷ ಹೊರಬಂದಿತು. ಕನ್ನಡ ಭಾವಗೀತಗಳ ಧ್ವನಿಸುರುಳಿಗಳಿಗೆ ಅದೇ ಮೊದಲೆಂದು ಪ್ರಸಿದ್ಧಿಯಿದೆ. ಹೊಸನಗರ ತಾಲ್ಲೂಕಿನ ನಗರದಲ್ಲಿ ಜನಿಸಿ, ಶಿವಮೊಗ್ಗ ಸುಬ್ಬಣ್ಣನೆಂದೇ ಪ್ರಸಿದ್ಧರಾದ ಜಿ. ಸುಬ್ರಹ್ಮಣ್ಯರವರು ಚಂದ್ರಶೇಖರ ಕಂಬಾರರ ‘ಕಾಡುಕುದುರೆ’ ಚಿತ್ರದಲ್ಲಿ ಹಾಡಿ, ಹಿನ್ನೆಲೆಗಾಯನಕ್ಕಾಗಿ ರಾಷ್ಟ್ರಪ್ರಶಸ್ತಿಯನ್ನು ಪಡೆದ ಮೊದಲ ಕನ್ನಡಿಗರೆನಿಸಿದುದೂ ಆ ಕಾಲದಲ್ಲಿಯೇ. ವೃತ್ತಿಯಿಂದ ವಕೀಲರಾಗಿದ್ದ ಅವರು 2022ರ ಆಗಸ್ಟ್ 11ರಂದು ತೀರಿಕೊಂಡರು. ಕುಪ್ಪಳಿಯ ಕುವೆಂಪು, ಶಿಕಾರಿಪುರ ಸೀಮೆಯ ಜಿ. ಎಸ್. ಶಿವರುದ್ರಪ್ಪನವರು ಮೊದಲಾದವರ ಗೀತಗಳು ಮನೆಮನೆಯ ಹಾಡಾಗಲು ಈ ಧ್ವನಿಸುರುಳಿಗಳು ಮಾಡಿದ ಉಪಕಾರವು ಸಣ್ಣದಲ್ಲ. 2006ರಲ್ಲಿ ಶಿವಮೊಗ್ಗೆಯಲ್ಲಿ ಜರುಗಿದ 73ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ನಿಸಾರ್ ಅಹಮದರೇ ಅಧ್ಯಕ್ಷರಾದುದು ಆ ನಗರದ ಋಣಸಂದಾಯದಂತಿತ್ತು.

ಇಲ್ಲಿ ಒಂದು ತೊಡಕು ಹುಟ್ಟಿತು. ಧ್ವನಿಸುರುಳಿಯ ಗೀತವು ಬಹುಮಟ್ಟಿಗೆ ಒಬ್ಬ ಗಾಯಕನ ಕಂಠಕ್ಕೆ ಹೊಲಿದ ಅಂಗಿ. ಸುಬ್ಬಣ್ಣನವರು ಸ್ವರವನ್ನು ಎತ್ತರಕ್ಕೆ ಒಯ್ದು ನಿಲ್ಲಿಸುವಲ್ಲಿ ಇಪ್ಪತ್ತು ಮಂದಿ ನಿಲ್ಲಲಾರರು, ನಿಲ್ಲಬೇಕಾದುದೂ ಇಲ್ಲ. ಆ ಅಂಗಿಯನ್ನೇ ಊರಿಗೆಲ್ಲ ತೊಡಿಸಹೊರಟ ವೃಂದಗಳು, ಕೇಳಿದವರಿಗೆ ಮೂಲಗಾಯಕನ ನೆನಪನ್ನು ಮಾತ್ರ ತಂದು, ತಮ್ಮದೆಂಬುದೊಂದನ್ನು ಕೊಡದೆ ಹೋಗುವುವು. ಸಿ. ಅಶ್ವತ್ಥರು 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ವೆಂಬ ಕಾರ್ಯಕ್ರಮವನ್ನು ನಡೆಸಿದಾಗ ದೊಡ್ಡ ವಾದ್ಯಮೇಳವನ್ನೂ ದೊಡ್ಡ ಗಾಯಕವೃಂದವನ್ನೂ ಕೂಡಿಸಿ, ಬಹುಕಂಠದ ಗಾಂಭೀರ್ಯವೇನೆಂಬುದನ್ನು ಅಪಾರ ಜನಸ್ತೋಮಕ್ಕೆ ಕೇಳಿಸಿದರು. 2021ರ ಅಕ್ಟೋಬರ್ 28ರಂದು ಲಕ್ಷಕಂಠಗಾಯನವೂ, 2022ರಲ್ಲಿ ಅದೇ ದಿನಾಂಕದಂದು ಕೋಟಿಕಂಠಗಾಯನವೂ ಸರ್ಕಾರದ ಕರೆಯಂತೆ ಜರುಗಿದುವು. ಎರಡನೆಯದರಲ್ಲಿ ಆರು ಗೀತಗಳಿದ್ದುವು: ಕುವೆಂಪುರವರವು ಎರಡು, ಹುಯಿಲಗೋಳ ನಾರಾಯಣರಾಯರದು, ಡಿ. ಎಸ್. ಕರ್ಕಿಯವರದು, ಚೆನ್ನವೀರ ಕಣವಿಯವರದು, ‘ಆಕಸ್ಮಿಕ’ ಚಿತ್ರಕ್ಕಾಗಿ ಹಂಸಲೇಖರು ಬರೆದುದು. ಸಿನಿಮಾದ ಹಾಡು ಕವಿಗಳ ಪಂಕ್ತಿಯಲ್ಲಿ ಕುಳಿತುದಕ್ಕೆ ಯಾರೂ ಬೆದರಬೇಕಾದುದಿಲ್ಲ. ಕೂಡಿ ಹಾಡಲು ಅದು ಹೇಳಿಮಾಡಿಸಿದಂತಿದೆ. 2004ರಲ್ಲಿ ನಾಡಗೀತೆಯೆಂದು ಘೋಷಿತವಾದ ಕುವೆಂಪು ಗೀತಕ್ಕೆ ಅನಂತಸ್ವಾಮಿಯವರ ಧಾಟಿಯನ್ನೇ ಗೊತ್ತುಪಡಿಸಿ, 2 ನಿಮಿಷ 30 ಸೆಕೆಂಡುಗಳ ಮಿತಿಯನ್ನು ಹಾಕಿದ ಸರ್ಕಾರದ ಆಜ್ಞೆಯೂ 2022ರದೇ. ಧಾಟಿಗಳ ಪಕ್ಷಪಾತಿಗಳು ಏನೇ ವಾದಿಸಲಿ, ಶಾಲೆಯ ಮಗುವಿಗೂ ಸಭೆಯ ಮುದುಕನಿಗೂ ಒಂದೇ ನಡೆಯು ಗೊತ್ತಾದುದು ವೃಂದಗಾನದ ದೃಷ್ಟಿಯಿಂದ ಹಿತವೇ ಆಯಿತು.

ಇನ್ನು ಮೇಳದ ವಿಚಾರ. ಕನ್ನಡದ ಗೀತವು ಮಾತ್ರಾಗಣಗಳ ಮೇಲೆ ನಡೆಯುವುದು. ಹರಿಹರದೇವನ ರಗಳೆಗಳನ್ನು ಓದಿದವರಿಗೆ ಮೂರರ ಉತ್ಸಾಹ, ನಾಲ್ಕರ ಮಂದಾನಿಲ, ಐದರ ಲಲಿತ ಇವುಗಳ ಭೇದವು ಕರತಲಾಮಲಕ. ಹೊಸ ಕವಿಗಳು ರಗಳೆಯನ್ನು ಬಿಟ್ಟರೂ ಈ ನಡೆಗಳನ್ನು ಬಿಡಲಿಲ್ಲ. ಐದರ ನಡೆಗೆ ಖಂಡಚಾಪು, ಮೂರು ನಾಲ್ಕರ ನಡೆಗೆ ಮಿಶ್ರಚಾಪು ಸಹಜವಾಗಿ ಒಪ್ಪುವುವು. ರಿದಂಪ್ಯಾಡಿನವನು ತನಗೆ ರೂಢಿಯಾದ ನಾಲ್ಕರ ಪೆಟ್ಟನ್ನೇ ಎಲ್ಲಕ್ಕೂ ಹಾಕಿದರೆ, ಉಳಿದ ಕಾಲವನ್ನು ತುಂಬುವುದಕ್ಕಾಗಿ ಹಾಡುಗಾರರು ಲಘುವನ್ನು ಗುರುವಾಗಿ ಎಳೆಯಬೇಕಾಗುವುದು. ಆಗ ‘ನಡು’ವು ‘ನಾಡು’ ಆಗುವುದು, ‘ಬಳೆ’ಯು ‘ಬಾಳೆ’ಯಾಗುವುದು. ಒಬ್ಬನು ಹೀಗೆ ಎಳೆದರೆ ಕೇಳುವವರು ಅರ್ಥವನ್ನು ಹೇಗೋ ಊಹಿಸಿಕೊಳ್ಳಬಹುದು. ಇಪ್ಪತ್ತು ಮಂದಿ ಒಟ್ಟಾಗಿ ಎಳೆದರೆ ತಪ್ಪೇ ಸಿದ್ಧಾಂತವಾಗಿಬಿಡುವುದು. ಉಸಿರಿನ ವಿಷಯವೂ ಹಾಗೆಯೇ. ‘ಮರೆಯದಿರು’ ಎಂಬಲ್ಲಿ ಎಲ್ಲರೂ ‘ಮರೆಯ’ ಎಂದು ನಿಂತು, ಉಸಿರೆಳೆದು, ‘ದಿರು’ ಎಂದು ಮುಂದುವರಿದರೆ ಸರಸ್ವತಿಯು ಕಿವಿ ಮುಚ್ಚಿಕೊಳ್ಳುವಳು. ಪದದ ನಡುವೆ ಉಸಿರು ಬೇಕಾದವರು ಒಬ್ಬೊಬ್ಬರಾಗಿ, ಬೇರೆ ಬೇರೆ ಎಡೆಗಳಲ್ಲಿ ಎಳೆದುಕೊಳ್ಳಬೇಕು. ಮೇಲೆ ಹೇಳಿದ ಗುಣವು ಕೆಲಸಕ್ಕೆ ಬರುವುದು ಇಲ್ಲಿಯೇ.

ಶ್ರುತಿಯು ಮತ್ತೊಂದು ಕಷ್ಟ. ಪುರುಷರಿಗೆ ಒಂದನೆಯ ಮನೆಯ ಆಸುಪಾಸು, ಸ್ತ್ರೀಯರಿಗೆ ಐದನೆಯ ಮನೆಯ ಆಸುಪಾಸು ಹಿತವಾದುದರಿಂದ, ಒಂದೇ ಶ್ರುತಿಯಲ್ಲಿ ಹಾಡಿಸಿದರೆ ಒಂದು ಪಕ್ಷವು ಕಿರುಚುವುದು, ಇಲ್ಲವೆ ಇನ್ನೊಂದು ಪಕ್ಷವು ಗೊಣಗುವುದು. ನುಡಿಗಳನ್ನು ಪಕ್ಷಕ್ಕೊಂದರಂತೆ ಹಂಚಿ, ಪಲ್ಲವಿಯನ್ನು ಇಬ್ಬರಿಗೂ ಎಟಕುವ ನಾಲ್ಕಾರು ಸ್ವರಗಳೊಳಗೆ ಕಟ್ಟಿದರೆ ಈ ಕಷ್ಟವು ಬಹುಪಾಲು ನೀಗುವುದು. ಶಿವಮೊಗ್ಗೆಗೆ ಸಮೀಪದ ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಕೂಡುವುದು ತಮ್ಮ ತಮ್ಮ ಪಾತ್ರದಲ್ಲಿ ಬಹುದೂರ ಹರಿದುಬಂದ ಮೇಲೆಯೇ ಅಲ್ಲವೇ?

ಕಡೆಯದಾಗಿ ಧ್ವನಿಮುದ್ರಣ. ಗ್ರಾಮಾಫೋನಿನ ಕಾಲದಲ್ಲಿ ತಟ್ಟೆಯ ಒಂದು ಮುಖಕ್ಕೆ ಹಿಡಿಯುತ್ತಿದ್ದುದು ಸುಮಾರು 3 ನಿಮಿಷಗಳ ಹಾಡು. ಹಾಡುವವರೂ ನುಡಿಸುವವರೂ ಒಂದೇ ಕೋಣೆಯಲ್ಲಿ ಕೂಡಿ, ಆ ಮೂರು ನಿಮಿಷಗಳನ್ನು ಒಟ್ಟಿಗೆ ದಾಟಬೇಕಾಗಿತ್ತು. ಈಗಿನ ಮುದ್ರಣಶಾಲೆಗಳಲ್ಲಿ ಒಟ್ಟಿಗೆ ಹಾಡುವುದೇ ವಿರಳ. ಮೊದಲು ವಾದ್ಯಗಳು ಒಂದೊಂದಾಗಿ ಮುದ್ರಿತವಾಗುವುವು. ಬಳಿಕ ಹಾಡುಗಾರರು ಯಂತ್ರದ ಟಿಕ್ ಟಿಕ್ ಎಂಬ ಎಣಿಕೆಯನ್ನು ಕಿವಿಗೆ ಸಿಕ್ಕಿಸಿಕೊಂಡು, ಸಣ್ಣ ಸಣ್ಣ ಗುಂಪುಗಳಾಗಿ ಒಳಹೋಗಿ ಬರುವರು. ಏಳು ಮಂದಿ ಒಂದೇ ಸಾಲನ್ನು ನಾಲ್ಕು ಸಲ ಹಾಡಿ, ಒಂದರ ಮೇಲೊಂದನ್ನು ಹೇರಿದರೆ ಇಪ್ಪತ್ತೆಂಟು ಮಂದಿಯ ವೃಂದದಂತೆ ಕೇಳಿಸುವುದು. ಸ್ವರವು ತಪ್ಪಿದರೆ ಕಂಪ್ಯೂಟರು ತಿದ್ದುವುದು. ಮನೆಯಲ್ಲಿ ಕುಳಿತು ಕೇಳುವವರಿಗೆ ಇದು ಇಂಪಾಗಿಯೇ ಇರುವುದು. ಯಂತ್ರವನ್ನು ಹಳಿಯುವುದರಿಂದ ಫಲವಿಲ್ಲ. ಆದರೆ ತುಂಡಾದುದನ್ನು ನಿರ್ವಹಿಸುವ ಕೆಲಸವು ಪಕ್ಕದವರ ಕೈಯಿಂದ ಯಂತ್ರದ ಕೈಗೆ ಹೋಯಿತು. ಏಳು ಮಂದಿಯ ದನಿಯಿಂದಲೇ ಇಪ್ಪತ್ತೆಂಟರ ಕೆಲಸವು ಆಗುವುದಾದರೆ ಉಳಿದ ಇಪ್ಪತ್ತೊಂದು ಮಂದಿಯನ್ನು ಯಾರು ಕರೆವರು? ಕರೆಯದೆ ಬಿಟ್ಟವರು ನಾಲ್ಕು ದಿನ ಬಂದು ಬಾಗಿಲಲ್ಲಿ ನಿಂತು, ಐದನೆಯ ದಿನ ಮನೆಯಲ್ಲಿಯೇ ಉಳಿವರು. ಅದೇ ಏಳು ಮಂದಿ ಶಿವಮೊಗ್ಗೆಯ ಕುವೆಂಪು ರಂಗಮಂದಿರದಂಥ ದೊಡ್ಡ ವೇದಿಕೆಯನ್ನೇರಿದರೆ, ಮುದ್ರಿಕೆಯನ್ನು ಕೇಳಿ ಬಂದವರಿಗೆ ದನಿ ಸಾಲದು. ಆಗ ಮುದ್ರಿಸಿದ ಧ್ವನಿಯನ್ನೇ ಹಿಂದಿನಿಂದ ಹರಿಯಬಿಟ್ಟು ಬರಿದೆ ತುಟಿಯಾಡಿಸುವ ಹೀನಾಯಕ್ಕೆ ಇಳಿಯಬೇಕಾಗುವುದು.

ಊರಿನ ವೃಂದಕ್ಕೆ ದೊಡ್ಡ ಮುದ್ರಣಶಾಲೆಯೇ ಬೇಕೆಂದಿಲ್ಲ. ಗಾಳಿ ಗದ್ದಲಗಳಿಲ್ಲದ ಒಂದು ಹಜಾರ, ಎರಡು ಮೂರು ಒಳ್ಳೆಯ ಮೈಕುಗಳು ಸಾಕು. ಗಟ್ಟಿಕಂಠದವರನ್ನು ಮುಂದಿನ ಸಾಲಿನಲ್ಲಿ ಗುಂಪುಗೂಡಿಸದೆ ಹಿಂದಿನ ಸಾಲುಗಳಿಗೆ ಹಂಚಿ, ಅಳುಕುವವರನ್ನು ಅವರ ಮುಂದೆ ನಿಲ್ಲಿಸಬೇಕು. ಮೇಳದವರು ಹಾಡುಗಾರರ ಮುಖವನ್ನು ನೋಡುತ್ತ ನುಡಿಸುವಂತೆ ಎದುರಿಗೆ ಕುಳಿತು, ಕೀಬೋರ್ಡಿನ ಸದ್ದನ್ನು ಹಿಂದಿನ ಸಾಲಿನವರ ಮಾತು ತಿಳಿಯುವಷ್ಟಕ್ಕೆ ತಗ್ಗಿಸಬೇಕು. ಎಣಿಕೆಯ ಯಂತ್ರವನ್ನು ನಿಲ್ಲಿಸಿ, ತಬಲೆಯ ಮೇಲೆ ಭಾರವನ್ನು ಹಾಕಿ, ಇಡಿಯ ಗೀತವನ್ನು ಎಲ್ಲರಿಂದಲೂ ಒಮ್ಮೆಗೇ ಹಾಡಿಸಿದರೆ, ಮೂರನೆಯದೋ ನಾಲ್ಕನೆಯದೋ ಸಲಕ್ಕೆ ಮುದ್ರಿಕೆಯು ಸಿದ್ಧವಾಗುವುದು.